ಕಡಿಮೆ ಬರೆದ ಮಕ್ಕಳು

ನನ್ನ ಸಂಶೋಧನೆಯ ಫಲಿತಾಂಶ ಚೆನ್ನಾಗಿ ಬಂದ ದಿನವೇ ನನಗೆ ಅನುಮಾನ ಶುರುವಾಯಿತು. ಚೆನ್ನಾಗಿ ಎಂದರೆ ಸಾಲದು, ಅತಿಯಾಗಿ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಂದೇ ಪೇಡೆ ಹಂಚುತ್ತಿದ್ದರು. ನನ್ನ ಹುಟ್ಟುಗುಣವೇ ಸಂಶಯದ್ದು. ತರಕಾರಿಯವನು ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದರೂ ಯಾಕೆ ಹಾಕಿದ ಎಂದು ಯೋಚಿಸುವವಳು ನಾನು.

ಶಹಾಪುರದ ಸರ್ಕಾರಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನೌಕರಿಯ ಜೊತೆಗೇ ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ನಮ್ಮ ಕಡೆಯ ಮಕ್ಕಳು ಬಾಯಿ ಬಿಟ್ಟರೆ ಅರಳು ಹುರಿದಂತೆ ಮಾತಾಡುತ್ತವೆ, ಕೈಗೆ ಪೆನ್ನು ಕೊಟ್ಟರೆ ಮೂಕವಾಗುತ್ತವೆ. ಕೆಲವರ ಮನೆಯಲ್ಲಿ ದಖನಿ ಉರ್ದು, ಉಳಿದವರ ಮನೆಯಲ್ಲಿ ನಮ್ಮ ಸೀಮೆಯ ಕನ್ನಡ. ಪುಸ್ತಕದ ಕನ್ನಡ ಇಬ್ಬರಿಗೂ ಪರ ಊರಿನ ಮಾತು. ನನ್ನ ಪದ್ಧತಿ ಸರಳವಾಗಿತ್ತು: ಪಾಠದ ವಿಷಯವನ್ನು ಮಗು ಮೊದಲು ತನ್ನ ಮನೆಮಾತಿನಲ್ಲಿ ಗಟ್ಟಿಯಾಗಿ, ನಾಚಿಕೆಯಿಲ್ಲದೆ ಹೇಳಬೇಕು. ಆಮೇಲೆ ಅದನ್ನೇ ಪುಸ್ತಕದ ಕನ್ನಡದಲ್ಲಿ ಬರೆಯಬೇಕು. ಹೀಗೆ ಕಲಿಸಿದರೆ ಬರವಣಿಗೆ ಸುಧಾರಿಸುತ್ತದೆಯೇ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ.

ಸುಧಾರಿಸಿತು ಎನ್ನಬೇಕಾದರೆ ಹೋಲಿಸಿ ನೋಡಲು ಇನ್ನೊಂದು ಶಾಲೆ ಬೇಕು. ನನ್ನ ಏಳನೆಯ ತರಗತಿಗೆ ಹೊಸ ಪದ್ಧತಿ, ಬೇರೆ ಊರಿನ ಏಳನೆಯ ತರಗತಿಗೆ ಎಂದಿನ ಪಾಠ. ಎರಡೂ ಕಡೆ ವರ್ಷದ ಶುರುವಿಗೆ ಒಂದು ಪರೀಕ್ಷೆ, ಕೊನೆಗೆ ಒಂದು ಪರೀಕ್ಷೆ. ಹೊಸದೇನೂ ಸಿಗದ ಆ ಎರಡನೆಯ ತರಗತಿಯನ್ನು ನಿಯಂತ್ರಿತ ಗುಂಪು ಎನ್ನುತ್ತಾರೆ. ಅದು ನನ್ನ ಗೆಳತಿಯ ತರಗತಿಯಾಗಿತ್ತು.

ಯಾದಗಿರಿಯಲ್ಲಿ ಬಿ.ಎಡ್. ಓದುವಾಗ ಸ್ಟೇಷನ್ ಹತ್ತಿರ ನಾವಿಬ್ಬರೂ ಒಂದೇ ಖೋಲಿಯಲ್ಲಿ ಇದ್ದೆವು. ಅವಳು ಸುರಪುರದವಳು, ಮನೆಯಲ್ಲಿ ದಖನಿ ಮಾತಾಡುವವಳು. ವಯಸ್ಸಿನಲ್ಲಿ ಚಿಕ್ಕವಳಾದ್ದರಿಂದ ನನ್ನನ್ನು ಅಕ್ಕಾ ಎನ್ನುತ್ತಾಳೆ. ರಂಜಾನ್‌ನಲ್ಲಿ ಅವಳು ಉಪವಾಸವಿದ್ದಾಗ ನಾನು ಅವಳೆದುರು ಊಟಕ್ಕೆ ಕೂರುತ್ತಿರಲಿಲ್ಲ. ನನಗೆ ಜ್ವರ ಬಂದಾಗ ಅವಳು ನನ್ನ ಬಟ್ಟೆಯನ್ನೂ ಒಗೆದಿದ್ದಾಳೆ. ಈಗ ದಿನಾ ಸುರಪುರದಿಂದ ದೇವಾಪುರದ ಶಾಲೆಗೆ ಹೋಗಿ ಬರುತ್ತಾಳೆ. ನನ್ನ ಪದ್ಧತಿಯ ವಿಚಾರವನ್ನು ಮೊಟ್ಟಮೊದಲು ಹೇಳಿದ್ದು ಅವಳಿಗೇ.

"ನೀ ಏನೂ ಬದಲ ಮಾಡಬ್ಯಾಡ. ದಿನಾ ಹೆಂಗ ಕಲಸ್ತಿ ಹಂಗ ಕಲಸು," ಎಂದಿದ್ದೆ.

"ಇಷ್ಟ ಏನಕ್ಕಾ? ತೊಗೋ, ನಿನ್ನ ಡಾಕ್ಟರ್ ಮಾಡೇ ಬಿಡ್ತೀನಿ," ಎಂದು ನಕ್ಕಿದ್ದಳು.

ಪರೀಕ್ಷೆಯ ದಿನ ಬಿಟ್ಟು ಆ ತರಗತಿಯ ಕಡೆ ತಲೆ ಹಾಕಬಾರದು ಎಂದು ನನ್ನ ಮಾರ್ಗದರ್ಶಕರು ಕಟ್ಟಪ್ಪಣೆ ಮಾಡಿದ್ದರು. ಹಾಕಲಿಲ್ಲ. ಕೊನೆಯ ಪರೀಕ್ಷೆಗೆ ನಾನೇ ಹೋಗಿ ಪ್ರಶ್ನೆಪತ್ರಿಕೆ ಹಂಚಿದೆ. ಮಕ್ಕಳು ಬೇಗ ಬರೆದು ಮುಗಿಸಿ ಕೈಕಟ್ಟಿ ಕೂತವು. ಒಳ್ಳೆಯ ಶಿಸ್ತು ಎಂದುಕೊಂಡು ಗೆಳತಿಯನ್ನು ಹೊಗಳಿಯೂ ಬಂದೆ.

ಎರಡೂ ಶಾಲೆಯ ಅಂಕಗಳನ್ನು ಕಳಿಸಿದಾಗ ಮಾರ್ಗದರ್ಶಕರು ತಾವಾಗಿ ಫೋನ್ ಮಾಡಿದರು. ಅದೇ ಒಂದು ವಿಶೇಷ. ನಾನು ಮಾಡಿದರೆ ಎತ್ತುವವರಲ್ಲ ಅವರು.

"ಭಾಳ ಚಲೋ ಬಂದದ್ರಿ. ಇಷ್ಟು ಫರಕ್ ನಮ್ಮಲ್ಲಿ ಯಾರಿಗೂ ಬಂದಿಲ್ಲ. ಲಗೂನ ಬರದು ಮುಗಸ್ರಿ, ನಿಮ್ಮ ಮುದತ್ತೂ ಮುಗೀಲಿಕ್ಕ ಬಂದದ," ಎಂದರು.

ಪ್ರಬಂಧ ಸಲ್ಲಿಸುವ ಮುದತ್ತು ಮುಗಿದರೆ ನೋಂದಣಿ ರದ್ದಾಗುತ್ತದೆ, ಅಷ್ಟು ವರ್ಷದ ದುಡಿಮೆ ಮಣ್ಣುಪಾಲು. ಆದರೂ ನಾನು ಬರೆಯಲು ಕೂರುವ ಬದಲು ದೇವಾಪುರದ ಮಕ್ಕಳ ಉತ್ತರಗಳನ್ನು ಮತ್ತೆ ಹರವಿಕೊಂಡು ಕೂತೆ. ನಿಮ್ಮ ಊರಿಗೆ ನೀರು ಎಲ್ಲಿಂದ ಬರುತ್ತದೆ, ಹೊಸಬರಿಗೆ ತಿಳಿಯುವಂತೆ ಬರೆಯಿರಿ ಎಂಬುದು ಒಂದು ಪ್ರಶ್ನೆ. ಮೊದಲ ಪರೀಕ್ಷೆಯಲ್ಲಿ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಕಾಲುವೆ, ಬಾವಿ, ಕುರಿಗಳಿಗೆ ಎಲ್ಲಿ ನೀರು ಕುಡಿಸುತ್ತಾರೆ ಎಂಬುದನ್ನೆಲ್ಲ ತಪ್ಪುತಪ್ಪಾಗಿಯಾದರೂ ಪುಟ ತುಂಬ ಬರೆದಿದ್ದಳು. ಈ ಸಲ ಅದೇ ಹುಡುಗಿ "ಕಾಲುವೆಯಿಂದ ಬರುತ್ತದೆ" ಎಂದಷ್ಟೇ ಬರೆದಿದ್ದಳು. ಅವಳ ಪಕ್ಕದವಳದೂ ಅಷ್ಟೇ. ಒಂದು ವರ್ಷ ಶಾಲೆಗೆ ಬಂದ ಮಕ್ಕಳು ಕಲಿಯದೇ ಇರಬಹುದು, ಬರುತ್ತಿದ್ದುದನ್ನೂ ಎಲ್ಲರೂ ಕೂಡಿ ಮರೆಯುತ್ತಾರೆಯೇ?

ರಜೆ ಹಾಕಿ ದೇವಾಪುರಕ್ಕೆ ಹೋದೆ. ಗೆಳತಿ ಅಂದು ತರಬೇತಿಗೆಂದು ಸುರಪುರದಲ್ಲೇ ಉಳಿದಿದ್ದಳು. ಹೆಡ್‌ಮಾಸ್ತರರಿಗೆ ಹೇಳಿ ತರಗತಿಗೆ ಹೋಗಿ ಆ ಹುಡುಗಿಯನ್ನು ಹತ್ತಿರ ಕರೆದೆ.

"ಮೊದಲ ಅಷ್ಟು ಚಂದ ಬರದಿದ್ದಿ. ಈ ಸಲ ಯಾಕವ್ವಾ ಒಂದ ಸಾಲು?"

ಹುಡುಗಿ ನಾಚಿ ನಕ್ಕಳು. "ನಮ್ಮ ಕ್ಲಾಸಿನ ಅಕ್ಕೋರು ಹೇಳ್ಯಾರ್ರಿ. ಇದು ನಿಮ್ಮ ಪರೀಕ್ಷಿ ಅಂತರಿ. ನಾವು ಭಾಳ ಬರದ್ರ ನೀವು ಫೇಲ್ ಆಗ್ತೀರಂತರಿ. ನಾವ್ ಯಾರೂ ಬರೀಲಿಲ್ರಿ."

ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ಶಹಭಾಸ್ ಎನ್ನುತ್ತೇನೆ ಎಂದು ಮಕ್ಕಳು ಕಾಯುತ್ತಿದ್ದವು.

ಸಂಜೆ ಸುರಪುರಕ್ಕೆ ಬಂದು ಸೀದಾ ಅವಳ ಮನೆಗೆ ಹೋದೆ. ನನ್ನನ್ನು ನೋಡಿದ್ದೇ ತಾಯಿಗೆ ದಖನಿಯಲ್ಲಿ ಚಹಾ ಇಡಲು ಹೇಳಿ, ಕೂಡು ಅಕ್ಕಾ ಎಂದು ಕುರ್ಚಿ ಎಳೆದಳು. ನಾನು ಕೂರಲಿಲ್ಲ.

"ಮಕ್ಕಳಿಗೆ ಕಡಿಮಿ ಬರೀರಿ ಅಂದ್ಯೇನು?"

ಅವಳು ತಪ್ಪಿಸಿಕೊಳ್ಳಲು ನೋಡಲಿಲ್ಲ. "ಹೂಂ, ಅಂದೆ. ನೀ ಹೋಲಿಸಿ ನೋಡ್ತೀನಿ ಅಂದಿದ್ದಿ. ನಮ್ಮ ಅಕ್ಕ, ಆಪಾನ್ನ ನೋಡಾಕ ಗಂಡಿನವರು ಬಂದಾಗ ನನಗ ಹಳೀ ಅಂಗಿ ಹಾಕಿ ಅಡಗಿಮನ್ಯಾಗ ಕೂಡ್ಸಿದ್ರು. ತಂಗಿ ಚಂದ ಕಂಡ್ರ ಆಪಾನ ಲಗ್ನ ಆಗ್ತಿತ್ತೇನು? ನಾ ಏನ ಬ್ಯಾಸರ ಮಾಡ್ಕೊಂಡಿಲ್ಲ. ನಿನ್ನ ಸಲುವಾಗಿ ನನ್ನ ಮಕ್ಕಳು ಒಂದಿನ ಕಡಿಮಿ ಬರದ್ರ ಅವರದೇನ ಹೋಗ್ತದಕ್ಕಾ?"

ಆ ಮಾತಿಗೆ ನನ್ನ ಮೈ ಉರಿಯಿತು. ಸಂಶೋಧನೆ ಎಂದರೆ ಹೆಣ್ಣು ತೋರಿಸುವುದೇ ಎಂದು ಕೂಗಾಡಿದೆ. ಚಹಾ ತಂದ ಅವಳ ತಾಯಿ ಬಾಗಿಲಲ್ಲೇ ನಿಂತುಬಿಟ್ಟರು. ಬೇರೆ ಯಾರಾದರೂ ಕೆಡಿಸಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವಳನ್ನು ನಂಬಿದಷ್ಟು ನಾನು ನನ್ನ ಮಾರ್ಗದರ್ಶಕರನ್ನೂ ನಂಬಿರಲಿಲ್ಲ. ಕುಡಿಯದ ಚಹಾ ಅಲ್ಲೇ ಬಿಟ್ಟು ಹೊರಬಿದ್ದೆ.

ಮಾರ್ಗದರ್ಶಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

"ಈ ಮಾತು ನೀವು ನನಗ ಹೇಳಿಲ್ಲ, ನಾ ಕೇಳಿಲ್ಲ. ಅಂಕಿ ನೀವು ಹುಟ್ಟಿಸಿಲ್ಲಲ್ಲ, ಮಕ್ಕಳ ಬರದದ್ದ ಅವ. ಬರೀರಿ," ಎಂದು ಫೋನ್ ಇಟ್ಟರು.

ಸಂಶೋಧನಾ ವಿಧಾನದ ತರಗತಿಯಲ್ಲಿ ಪ್ರಾಮಾಣಿಕತೆಯ ಬಗ್ಗೆ ನಮಗೆ ಇಡೀ ಬೆಳಗು ಕೊರೆದವರು ಇವರೇ. ಅವರಿಂದ ನನಗಾದದ್ದು ಬರೀ ಹೇಸಿಗೆ, ನೋವಲ್ಲ.

ಬರೆದುಬಿಡಬಹುದಿತ್ತು. ಆದರೆ ನನ್ನ ಪದ್ಧತಿ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬ ಹಟ ನನಗೆ. ಮರುಪರೀಕ್ಷೆ ಮಾಡುವುದು ಸಂಶೋಧನೆಯ ಶಾಸ್ತ್ರಕ್ಕೆ ಒಪ್ಪುವುದಿಲ್ಲ ಎಂದು ಗೊತ್ತಿದ್ದೂ ಅದೇ ತೂಕದ ಹೊಸ ಪ್ರಶ್ನೆಗಳನ್ನು ತಯಾರಿಸಿ ಮೊದಲು ನನ್ನ ಮಕ್ಕಳಿಗೆ ಕೊಟ್ಟೆ, ಆಮೇಲೆ ದೇವಾಪುರಕ್ಕೆ ಹೋದೆ. ಗೆಳತಿ ತರಗತಿಯ ಹೊರಗೆ ಕಟ್ಟೆಯ ಮೇಲೆ ಕೂತಳು. ಪತ್ರಿಕೆ ಹಂಚಿದ ಮೇಲೂ ಯಾರೂ ಪೆನ್ನು ಎತ್ತಲಿಲ್ಲ. ಆಗ ಕುರಿ ಸಾಕುವ ಮನೆಯ ಆ ಹುಡುಗಿ ಎದ್ದು ನಿಂತಳು.

"ಅಕ್ಕೋರ್ರಿ, ಈ ಸಲ ಗೊತ್ತಿದ್ದಷ್ಟೂ ಬರೀಬಹುದ್ರಿ?"

"ಬರೀರವ್ವಾ," ಎಂದೆ.

ಮಕ್ಕಳು ತಲೆ ಎತ್ತದೆ ಬರೆದವು, ಮತ್ತೆ ಹಾಳೆ ಬೇಡಿದವು. ಮುಗಿದ ಮೇಲೆ ಅಲ್ಲೇ ಕೂತು ಓದಿದೆ. ಅಂಕ ಹಾಕುವ ಅಗತ್ಯವೇ ಇರಲಿಲ್ಲ. ಶಹಾಪುರದ ನನ್ನ ಮಕ್ಕಳು ಎಷ್ಟು ಚೆನ್ನಾಗಿ ಬರೆದಿದ್ದರೋ ಇವರೂ ಅಷ್ಟೇ ಚೆನ್ನಾಗಿ ಬರೆದಿದ್ದರು. ಎಳ್ಳಷ್ಟು ಫರಕ್ ಇರಲಿಲ್ಲ.

ಹೊರಗೆ ಬಂದು ಗೆಳತಿಯ ಎದುರು ನಿಂತೆ. "ನಿನ್ನ ಮಕ್ಕಳು ನನ್ನ ಮಕ್ಕಳ ಸರಿಸಮ ಬರದಾರ."

"ಬರೀತಾರಂತ ನನಗ ಗೊತ್ತಿತ್ತಕ್ಕಾ. ಅದಕ್ಕ ಬ್ಯಾಡ ಅಂದಿದ್ದೆ."

"ಹೆಂಗ ಗೊತ್ತಿತ್ತು?"

ಅವಳು ನೆಲ ನೋಡಿದಳು. "ನಾನೂ ಹಂಗ ಕಲಸ್ತೀನಲ್ಲ. ಮೊದಲ ಅವರ ಮಾತಿನ್ಯಾಗ ಹೇಳಸ್ತೀನಿ, ಆಮ್ಯಾಲ ಬರಸ್ತೀನಿ. ಈ ಮಕ್ಕಳಿಗೆ ಬ್ಯಾರೆ ಹೆಂಗ ಕಲಸ್ಲಿ? ನೀ ಹೇಳಿದಾಗ್ಲೂ ಇದ್ರಾಗ ಹೊಸಾದೇನದ ಅನಸ್ತು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀ ಅಷ್ಟು ಖುಷಿಲೆ ಹೇಳಾಕತ್ತಿದ್ದಿ," ಎಂದಳು. ಅವಳ ಕಣ್ಣು ತುಂಬಿತ್ತು. "ಹೆಂಗ ಹೇಳ್ಲಿ?"

ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮಕ್ಕಳಿಗೆ ಹೇಳಿಕೊಟ್ಟದ್ದನ್ನು ಹೇಗೋ ಕ್ಷಮಿಸಬಹುದಿತ್ತು. ಆದರೆ ಮೊದಲ ದಿನವೇ ನನಗೆ ಒಂದು ಮಾತು ಹೇಳಬಹುದಾಗಿದ್ದವಳು ಹೇಳದೆ, ವರ್ಷಗಟ್ಟಲೆ ನನಗೆ ಪ್ರೀತಿಯಿಂದಲೇ ಮೋಸ ಮಾಡಿದ್ದಳು. ಬಸ್ ಬಂತು, ಹತ್ತಿದೆ. ಅವಳ ಕಡೆ ತಿರುಗಿ ನೋಡಲಿಲ್ಲ.

ಎರಡೂ ಕಡೆ ಒಂದೇ ಪಾಠ ನಡೆದಿದ್ದ ಮೇಲೆ ಹೋಲಿಸಲು ಏನೂ ಉಳಿದಿರಲಿಲ್ಲ. ಪ್ರಬಂಧ ಸಲ್ಲಿಸಲಿಲ್ಲ. ಮುದತ್ತು ಮುಗಿಯಿತು. ಅವಳು ಈಗಲೂ ಫೋನ್ ಮಾಡುತ್ತಾಳೆ, ನಾನೂ ಮಾತಾಡುತ್ತೇನೆ. ಮಕ್ಕಳು, ಬಿಸಿಲು, ವರ್ಗಾವಣೆ, ಎಲ್ಲ ಮಾತೂ ಬರುತ್ತವೆ. ಒಮ್ಮೊಮ್ಮೆ ತರಗತಿಯಲ್ಲಿ ಏನಾದರೂ ಹೊಸದು ಹೊಳೆದ ದಿನ, ಅವಳಿಗೆ ಹೇಳಬೇಕೆಂದು ಬಾಯಿಯವರೆಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಭಾಳ ಚಲೋ ಅದ ಅಕ್ಕಾ ಎಂದು ಅವಳು ಅಂದರೆ, ಅದನ್ನು ನಾನು ಹೇಗೆ ನಂಬಲಿ?