ನಾಲ್ಕು ಕೆಳಗೆ, ಒಂದು ಬಲಕ್ಕೆ

ನನ್ನ ಅಣ್ಣನ ವಿಷಯ ಎತ್ತಿದರೆ ಆಸ್ಪತ್ರೆಯವರೆಲ್ಲ ಒಂದೇ ಮಾತು ಹೇಳುತ್ತಾರೆ: ಪಾಪ, ಕಣ್ಣು ಹೋಗಿತ್ತು, ಬೆರಳು ತಪ್ಪಿತು. ಕಣ್ಣು ಹೋಗಿದ್ದು ನಿಜ. ಬೆರಳು ತಪ್ಪಿದ್ದು ಸುಳ್ಳು. ಅದು ಸುಳ್ಳೆಂದು ಬಲ್ಲವಳು ನಾನೊಬ್ಬಳೇ, ಹಾಗಾಗಿ ನಾನೇ ಹೇಳಬೇಕು.

ಅಣ್ಣ ಸುಟ್ಟಗಾಯದ ವಾರ್ಡಿನಲ್ಲಿ ಫೋಟೋ ತೆಗೆಯುತ್ತಿದ್ದ. ಹೀಗೂ ಒಂದು ಕೆಲಸ ಇದೆಯೇ ಎಂದು ಕೇಳಿದವರು ಹುಬ್ಬೇರಿಸುತ್ತಾರೆ. ಹೌದು, ಇದೆ. ಗಾಯ ಮಾಗುತ್ತಿದೆಯೋ ಕೀವಾಗುತ್ತಿದೆಯೋ, ಕಸಿ ಮಾಡಿದ ಚರ್ಮ ಹಿಡಿಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಡಾಕ್ಟರು ಹಿಂದಿನ ಚಿತ್ರವನ್ನೂ ಈಗಿನ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬ್ಯಾಂಡೇಜು ಬಿಚ್ಚಿದ ಐದು ನಿಮಿಷದೊಳಗೆ, ರೋಗಿ ಹಲ್ಲು ಕಚ್ಚಿ ಕೂತಿರುವಾಗ, ಅಣ್ಣ ಮೂರು ಚಿತ್ರ ತೆಗೆದು ಮುಗಿಸಬೇಕು. ಮೊದಲು ರೋಗಿಯ ಚೀಟಿ, ಆಮೇಲೆ ದೂರದಿಂದ ಒಂದು, ಹತ್ತಿರದಿಂದ ಒಂದು. ‘ಒಂದ್ಸಲ ಉಸಿರು ಬಿಡಿ, ಅಷ್ಟೇ, ಮುಗೀತು’ ಅನ್ನುತ್ತಿದ್ದನಂತೆ. ಆ ‘ಮುಗೀತು’ ಕಿವಿಗೆ ಬೀಳಲಿ ಎಂದೇ ಅಲ್ಲಿಯವರೆಗೆ ನೋವು ತಡೆದುಕೊಳ್ಳುತ್ತಿದ್ದ ರೋಗಿಗಳಿದ್ದರು. ಹದಿನೆಂಟು ವರ್ಷ ಇದೇ ಕೆಲಸ ಮಾಡಿದ. ವಾರ್ಡಿನವರ ಬಾಯಲ್ಲಿ ಅವನು ಕ್ಲಿಕ್ಕಣ್ಣ.

ಅವನ ಕ್ಯಾಮೆರಾ ಕೊರಳಿಗೆ ನೇತುಹಾಕುವ ದೊಡ್ಡ ಯಂತ್ರವಲ್ಲ, ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಡಿಜಿಟಲ್ ಕ್ಯಾಮೆರಾ. ಆಸ್ಪತ್ರೆಯದೇ. ಬ್ಯಾಟರಿ ಚಾರ್ಜ್ ಮಾಡಲು ದಿನಾ ಮನೆಗೆ ತರುತ್ತಿದ್ದ. ಹೊಸದರಲ್ಲಿ ನನ್ನನ್ನು ಎದುರು ಕೂರಿಸಿಕೊಂಡು ಪಾಠ ಮಾಡಿದ್ದ.

‘ಇಲ್ನೋಡು ಪುಟ್ಟಿ, ಈ ಹೂವಿನ ಗುರುತು ಹಾಕಿದ್ರೆ ಒಂದು ಗೇಣು ಹತ್ರ ಹೋದ್ರೂ ಚಿತ್ರ ಮಸುಕಾಗಲ್ಲ. ಈ ಮಿಂಚಿನ ಗುರುತು ಫ್ಲ್ಯಾಶು, ಅದು ನಮ್ಗೆ ಬೇಡ. ಹಸಿ ಗಾಯ ಹೊಳೆದುಬಿಡುತ್ತೆ, ಏನೂ ಗೊತ್ತಾಗಲ್ಲ. ಇದು ವೈಟ್ ಬ್ಯಾಲೆನ್ಸು, ಟ್ಯೂಬ್‌ಲೈಟಿಗೆ ಇಡ್ಬೇಕು. ಇಲ್ದಿದ್ರೆ ಎಲ್ಲರೂ ಹಳದಿಯಾಗಿ ಬೀಳ್ತಾರೆ, ಡಾಕ್ಟ್ರು ಕಾಮಾಲೆ ಅಂತ ಔಷಧಿ ಬರೀತಾರೆ.’

ಫೋಟೋ ತೆಗೆಯುವ ಗುಂಡಿಯನ್ನು ಅರ್ಧ ಒತ್ತಿದರೆ ಕ್ಯಾಮೆರಾ ನೋಟವನ್ನು ಹಿಡಿದು ಎರಡು ಸಲ ಬೀಪ್ ಅನ್ನುತ್ತದೆ. ಬೀಪ್ ಬಂದ ಮೇಲೆ ಪೂರ್ತಿ ಒತ್ತಬೇಕು. ಹಿಂಬದಿಯಲ್ಲಿ ನಾಲ್ಕು ದಿಕ್ಕಿಗೂ ಒತ್ತುವ ಗುಂಡಿ, ಅದರ ನಡುವೆ ಓಕೆ. ಒಂದೊಂದು ಒತ್ತಿಗೂ ಒಂದೊಂದು ಟಿಕ್ ಸದ್ದು. ಇನ್ನೊಂದು ವಿಷಯವನ್ನು ಅವನು ಒತ್ತಿ ಒತ್ತಿ ಹೇಳಿದ್ದ. ಆ ಕ್ಯಾಮೆರಾದ ಮೆನುವನ್ನು ಕೊನೆಯ ಸಲ ಯಾವ ಸಾಲಿನಲ್ಲಿ ಬಿಟ್ಟಿರುತ್ತೇವೋ ಮುಂದಿನ ಸಲ ಅದು ಅದೇ ಸಾಲಿನಲ್ಲಿ ತೆರೆದುಕೊಳ್ಳುತ್ತದೆ. ಅದಕ್ಕೇ ಅವನು ಪ್ರತಿ ಸಲ ಮೊದಲನೇ ಸಾಲಿಗೆ ವಾಪಸು ಹೋಗಿ ಆಮೇಲೆ ಕ್ಯಾಮೆರಾ ಆರಿಸುತ್ತಿದ್ದ. ‘ಮನೆಗೆ ಬಿಟ್ಟು ಬಂದೆ’ ಅನ್ನುತ್ತಿದ್ದ. ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ಇನ್ನು ನನ್ನ ವಿಷಯ. ಗಂಡನ ಮನೆ ಬಿಟ್ಟು ಬಂದು ಈ ಬಾಗಿಲು ತಟ್ಟಿದಾಗ ಅಣ್ಣ ಯಾಕೆ ಏನು ಎಂದು ಒಂದು ಮಾತು ಕೇಳಲಿಲ್ಲ. ಒಳಗಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟು ತಾನು ಹೊರಗಿನ ಕೋಣೆಗೆ ಹಾಸಿಗೆ ತಂದುಕೊಂಡ. ಅವನು ಮದುವೆಯಾಗಲಿಲ್ಲ. ನಾನು ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ತಪ್ಪು ಒಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಒಮ್ಮೆ ಅಣ್ಣನ ಶರ್ಟಿಗೆ ಇಸ್ತ್ರಿ ಹಾಕುವಾಗ ಬೆನ್ನಿನ ಮೇಲೆ ತೂತು ಬೀಳುವಂತೆ ಸುಟ್ಟೆ. ಬಟ್ಟೆಯೇ ಕಳಪೆ, ಇಂಥದ್ದನ್ನು ಯಾಕೆ ತಂದೆ ಎಂದು ಅವನ ಮೇಲೇ ಹಾರಾಡಿದೆ. ಅವನು ಅದನ್ನು ವರ್ಷಗಟ್ಟಲೆ ಆಡಿಕೊಂಡು ನಕ್ಕ. ಮನೆಯಲ್ಲಿ ಏನು ಒಡೆದರೂ ‘ಶರ್ಟಿನದೇ ತಪ್ಪು’ ಅನ್ನುವುದು ಅವನಿಗೆ ಅಭ್ಯಾಸವಾಗಿತ್ತು.

ಕಳೆದ ವರ್ಷದಿಂದ ಅವನು ಟೀ ಚೆಲ್ಲತೊಡಗಿದ. ಶರ್ಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಹೊರಡುತ್ತಿದ್ದ. ನನ್ನ ಜೊತೆ ಮಾತಾಡುವಾಗ ಮುಖವನ್ನು ಸ್ವಲ್ಪ ಓರೆ ಮಾಡಿ ನನ್ನ ಕಿವಿಯ ಕಡೆ ನೋಡುತ್ತಿದ್ದ. ‘ಕಣ್ಣು ಎಲ್ಲಿಟ್ಕೊಂಡಿದ್ದೀಯ?’ ಎಂದು ನಾನು ಎಷ್ಟು ಸಲ ಬೈದೆನೋ ಲೆಕ್ಕವಿಲ್ಲ.  ಅವನು ನಕ್ಕು ಒರೆಸುವ ಬಟ್ಟೆ ತರುತ್ತಿದ್ದ.

ಅದೇ ಹೊತ್ತಿಗೆ ಈ ಬೀಪ್ ಕಾಟ ಶುರುವಾಯಿತು. ಸಂಜೆ ಆಸ್ಪತ್ರೆಯಿಂದ ಬಂದವನೇ ಕುರ್ಚಿಯಲ್ಲಿ ಕೂತು, ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ, ಒಂದು ತಾಸು ಒತ್ತುತ್ತಿದ್ದ. ಟಿಕ್ ಟಿಕ್ ಟಿಕ್ ಟಿಕ್. ಬೀಪ್ ಬೀಪ್. ಮತ್ತೆ ಮೊದಲಿಂದ. ಬೆಳಗಿನಿಂದ ಮೆಷಿನ್ನಿನ ಗಡಗಡ ಕೇಳಿ ಕೇಳಿ ನನ್ನ ತಲೆ ಸಿಡಿಯುತ್ತಿರುತ್ತಿತ್ತು.

‘ಏನಣ್ಣ ಅದು, ಚಿಕ್ಕ ಮಕ್ಕಳ ಹಾಗೆ? ಆ ಕಿರಿಕಿರಿ ನಿಲ್ಸ್ತೀಯಾ?’

‘ಇನ್ನೊಂದ್ ಹತ್ತು ನಿಮಿಷ ಪುಟ್ಟಿ. ಕೈಗೆ ರೂಢಿ ಆಗ್ಲಿ.’

‘ಹದಿನೆಂಟು ವರ್ಷದಲ್ಲಿ ಆಗ್ದೆ ಇರೋ ರೂಢಿ ಈಗ ಆಗುತ್ತಾ?’

ಅವನು ನಕ್ಕ. ಮತ್ತೆ ಒತ್ತಿದ.

ಒಂದು ಗುರುವಾರ ಸಂಜೆ ನನಗೆ ತಡೆಯಲಾಗಲಿಲ್ಲ. ಅವನು ಸ್ನಾನಕ್ಕೆ ಹೋದದ್ದೇ ತಡ, ಕ್ಯಾಮೆರಾ ಎತ್ತಿಕೊಂಡು ಮೆನು ತೆರೆದೆ. ಮೊದಲನೇ ಸಾಲಿನಿಂದ ನಾಲ್ಕು ಕೆಳಗೆ ಹೋದರೆ ‘ಸದ್ದು’. ಅದನ್ನು ಬೇಡ ಎಂದು ಮಾಡಿದೆ. ಹಾಗೆಯೇ ಕ್ಯಾಮೆರಾ ಆರಿಸಿ, ಇದ್ದ ಜಾಗದಲ್ಲೇ ಇಟ್ಟೆ. ನಿಜ ಹೇಳುತ್ತೇನೆ, ಆಗ ಒಳಗೊಳಗೇ ಖುಷಿಯಾಗಿತ್ತು. ಸ್ನಾನ ಮುಗಿಸಿ ಬಂದವನು ಊಟ ಮಾಡಿ ಮಲಗಿದ, ಅವತ್ತು ಕ್ಯಾಮೆರಾ ಮತ್ತೆ ಮುಟ್ಟಲೇ ಇಲ್ಲ.

ಮರುದಿನ ಮಧ್ಯಾಹ್ನ ವಾರ್ಡಿನ ದೊಡ್ಡ ಸಿಸ್ಟರು, ಅಲ್ಲಿನ ನರ್ಸುಗಳಿಗೆಲ್ಲ ಹಿರಿಯಳಾದವಳು, ಅಣ್ಣನ ತೋಳು ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು.

ಕ್ಯಾಮೆರಾದ ಕಾರ್ಡಿನಲ್ಲಿದ್ದ ಚಿತ್ರಗಳನ್ನು ಶನಿವಾರಕ್ಕೊಮ್ಮೆ ಕಂಪ್ಯೂಟರಿಗೆ ತುಂಬುವುದು ಆಸ್ಪತ್ರೆಯ ಪದ್ಧತಿ. ಶುಕ್ರವಾರ ಬೆಳಿಗ್ಗೆ ಆ ವಾರದ ಅಷ್ಟೂ ಚಿತ್ರಗಳು ಕ್ಯಾಮೆರಾದಲ್ಲೇ ಇದ್ದವು. ಸ್ಟೌವಿನ ಬೆಂಕಿಯಲ್ಲಿ ತೋಳು ಸುಟ್ಟುಕೊಂಡ ಒಬ್ಬ ಹೆಂಗಸಿಗೆ ಎರಡನೇ ಸಲ ಚರ್ಮ ಹಾಕಬೇಕೋ ಬೇಡವೋ ಎಂದು ಅವತ್ತೇ ತೀರ್ಮಾನವಾಗಬೇಕಿತ್ತು. ‘ಸೋಮವಾರದ್ದು ತೋರ್ಸಿ’ ಎಂದು ಡಾಕ್ಟರು ಕೇಳಿದರು. ಅಣ್ಣ ಕ್ಯಾಮೆರಾ ಹಚ್ಚಿ, ಪರದೆಯನ್ನು ಅವರ ಕಡೆ ತಿರುಗಿಸಿ ಹಿಡಿದು, ‘ನೋಡಿ ಸಾರ್, ಅಂಚಲ್ಲಿ ಚರ್ಮ ಚೆನ್ನಾಗಿ ಹಿಡ್ದಿದೆ’ ಎಂದನಂತೆ.

‘ಪರದೆ ಖಾಲಿ ಕಣಮ್ಮ,’ ಎಂದಳು ದೊಡ್ಡ ಸಿಸ್ಟರು. ‘ಚಿತ್ರಗಳಿಲ್ಲ ಅಂತ ಬರೆದಿದೆ. ಇವ್ರು ಅದನ್ನೇ ಹಿಡ್ಕೊಂಡು, ಇಲ್ನೋಡಿ ಅಂಚು, ಇಲ್ನೋಡಿ ಮಧ್ಯ ಅಂತ ವಿವರಿಸ್ತಾ ಇದ್ರು.  ಡಾಕ್ಟ್ರು ಒಂದು ಚೀಟಿ ಕೊಟ್ಟು ಓದಿ ಅಂದ್ರು. ಅದನ್ನ ತಲೆಕೆಳಗಾಗಿ ಹಿಡ್ಕೊಂಡು ನಿಂತ್ರು.’

ಆಮೇಲೆ ಎಲ್ಲ ಹೊರಬಿತ್ತು. ಒಂದು ವರ್ಷದ ಹಿಂದೆಯೇ ಬೇರೆ ಕಡೆ ಕಣ್ಣು ತೋರಿಸಿದ್ದನಂತೆ. ನೋಟದ ನಡುಭಾಗ ಅಳಿಸಿಹೋಗಿದೆ, ಅಂಚು ಮಾತ್ರ ಉಳಿದಿದೆ, ಇದಕ್ಕೆ ಔಷಧಿಯಿಲ್ಲ ಎಂದಿದ್ದರಂತೆ. ಬೀದಿಯಲ್ಲಿ ನಡೆಯಬಲ್ಲ, ಅಕ್ಷರ ಓದಲಾರ. ಹೀಗಿದ್ದೂ ಒಂದು ವರ್ಷ ಒಂದು ಚಿತ್ರವೂ ಕೆಡದ ಹಾಗೆ ಕೆಲಸ ಮಾಡಿದ್ದ. ಗಾಯಕ್ಕೂ ಕ್ಯಾಮೆರಾಕ್ಕೂ ಅಂತರ ಗೇಣಿನಲ್ಲಿ, ನೋಟ ಹಿಡಿಯಿತೋ ಇಲ್ಲವೋ ಬೀಪಿನಲ್ಲಿ, ಮೆನು ಬೆರಳಿನ ಎಣಿಕೆಯಲ್ಲಿ. ನಾನು ಕಿರಿಕಿರಿ ಎಂದು ಬೈದದ್ದು ಇದನ್ನು.

ಸಿಸ್ಟರು ಹೋದ ಮೇಲೆ ಅಣ್ಣನೇ ಮಾತೆತ್ತಿದ.

‘ಬೆಳಿಗ್ಗೆ ವಾರ್ಡಿಗೆ ಹೋಗಿ ಅರ್ಧ ಒತ್ತಿದ್ರೆ ಬೀಪೇ ಇಲ್ಲ ಪುಟ್ಟಿ. ನಿನ್ನೆ ಅಭ್ಯಾಸ ಮಾಡೋವಾಗ ನಾನೇ ಎಲ್ಲೋ ಒತ್ತಿ ಸದ್ದು ತೆಗೆದುಬಿಟ್ಟಿರ್ಬೇಕು. ಮೂಲೆಗೆ ಹೋಗಿ ಸರಿ ಮಾಡೋಣ ಅಂತ ಮೆನು ತೆಗ್ದೆ. ನಾಲ್ಕು ಕೆಳಗೆ. ಓಕೆ. ಒಂದು ಬಲಕ್ಕೆ. ಓಕೆ. ಅಷ್ಟೇ ಒತ್ತಿದ್ದು ಅನ್ಕೊಂಡಿದ್ದೆ. ಅಷ್ಟ್ರಲ್ಲಿ ಡಾಕ್ಟ್ರು ಕರೆದ್ರು, ಬೀಪ್ ಬರುತ್ತಾ ಅಂತ ಒತ್ತಿ ನೋಡೋಕಾಗ್ಲಿಲ್ಲ. ಬೆರಳು ಎಲ್ಲಿ ತಪ್ಪಿತೋ, ಹೋಗಿ ಫಾರ್ಮ್ಯಾಟ್ ಮಾಡಿಬಿಟ್ಟಿದೆ. ಎಲ್ಲ ಅಳಿಸಿಹೋಯ್ತು.’

 ನಾನು ಮೆನುವನ್ನು ಮನೆಗೆ ಬಿಟ್ಟು ಬಂದಿರಲಿಲ್ಲ. ಸದ್ದಿನ ಸಾಲಿನಲ್ಲೇ ಬಿಟ್ಟಿದ್ದೆ. ಅಲ್ಲಿಂದ ನಾಲ್ಕು ಕೆಳಗೆ ಎಣಿಸಿದರೆ ಸಿಗುವುದು ಫಾರ್ಮ್ಯಾಟ್. ‘ಅಳಿಸಲೇ?’ ಎಂದು ಅದು ಕೇಳುತ್ತದೆ, ಒಂದು ಬಲಕ್ಕೆ ಹೋದರೆ ‘ಹೌದು’. ಸದ್ದಿಗೂ ಅದೇ ಒತ್ತು, ಇದಕ್ಕೂ ಅದೇ ಒತ್ತು. ಅವನ ಬೆರಳು ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಹೇಳಬೇಕಿತ್ತು. ಆ ಕ್ಷಣವೇ ಹೇಳಬೇಕಿತ್ತು. ನನ್ನ ನಾಲಿಗೆ ಊರಿಗೆಲ್ಲ ಬೈಯುತ್ತದೆ, ಇದೊಂದಕ್ಕೆ ಏಳಲಿಲ್ಲ. ‘ಹೋಗ್ಲಿ ಬಿಡಣ್ಣ’ ಎಂದೆ. ಥೂ, ನನ್ನ ಬಾಯಿಗಿಷ್ಟು.

ಆಸ್ಪತ್ರೆಯವರು ಇನ್ನು ಬರುವುದು ಬೇಡ ಎಂದರು. ಗೌರವದಿಂದಲೇ ಹೇಳಿದರು. ಅದನ್ನಾದರೂ ಅವನು ತಡೆದುಕೊಳ್ಳುತ್ತಿದ್ದನೇನೋ. ಕಣ್ಣು ಹೋಗುವುದನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದವನು ಅವನು. ಬೆರಳನ್ನು ನಂಬಿದ್ದ, ಬೆರಳಿದ್ದರೆ ಇನ್ನೇನಾದರೂ ಮಾಡಿಯೇನು ಎಂದುಕೊಂಡಿದ್ದ. ಈಗ ಅದೂ ಕೈಕೊಟ್ಟಿತು ಎಂದು ತೀರ್ಮಾನಿಸಿಬಿಟ್ಟ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರತೊಡಗಿದ. ಗಡ್ಡ ಹೆರೆದುಕೊಳ್ಳುವುದನ್ನು ಬಿಟ್ಟ. ಶರ್ಟಿನ ಗುಂಡಿ ಹಾಕು ಎಂದು ನನ್ನನ್ನು ಕರೆಯುತ್ತಿದ್ದ. ಮೊನ್ನೆ ಮೊನ್ನೆಯವರೆಗೆ ತಾನೇ ಇಳಿದು ಹತ್ತುತ್ತಿದ್ದ ಹದಿನಾಲ್ಕು ಮೆಟ್ಟಿಲಿನ ಹತ್ತಿರ ನಿಂತು, ‘ಎಷ್ಟಿವೆ ಅಂತ ಎಣಿಸೋಕೆ ಭಯ ಆಗುತ್ತೆ ಪುಟ್ಟಿ’ ಎಂದು ವಾಪಸು ಬಂದ. ಕಣ್ಣು ಹಿಂದಿನ ವಾರ ಎಷ್ಟಿತ್ತೋ ಅಷ್ಟೇ ಇತ್ತು. ಮನುಷ್ಯ ಮಾತ್ರ ಮುಗಿದುಹೋಗುತ್ತಿದ್ದ.

ಒಂಬತ್ತನೇ ದಿನ ನಾನು ಆಸ್ಪತ್ರೆಗೆ ಹೋದೆ. ಬಾಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಕ್ಯಾಮೆರಾವನ್ನು ಒಂದು ಗಂಟೆಯ ಮಟ್ಟಿಗೆ ಕೇಳಿ ತಂದು, ಮೆನುವನ್ನು ಸದ್ದಿನ ಸಾಲಿನಲ್ಲಿ ಬಿಟ್ಟು, ಅವನ ಕೈಗಿಟ್ಟು, ನಾಲ್ಕು ಕೆಳಗೆ ಒತ್ತಿ ನೋಡು ಎನ್ನೋಣ. ಬೆರಳು ಸರಿಯಿತ್ತೆಂದು ಬೆರಳಿಗೇ ಗೊತ್ತಾಗಲಿ ಎಂದು ನನ್ನ ಲೆಕ್ಕಾಚಾರ. ದಾಖಲೆ ಕೋಣೆಯ ಗುಮಾಸ್ತೆ ನನ್ನನ್ನು ವಿಚಿತ್ರವಾಗಿ ನೋಡಿದಳು.

‘ಆ ಕ್ಯಾಮೆರಾನಾ? ಹಳೇ ಸಾಮಾನಿನ ಜೊತೆ ಗುಜರಿಗೆ ಹೋಯ್ತಲ್ಲ. ಈಗ ಸಿಸ್ಟರುಗಳೇ ಫೋನಲ್ಲಿ ತೆಗೀತಾರೆ. ಯಾಕೆ, ಏನಾದ್ರೂ ಫೋಟೋ ಇತ್ತಾ ಅದ್ರಲ್ಲಿ?’

‘ಇಲ್ಲ’ ಎಂದೆ. ವಾರ್ಡಿನ ಬಾಗಿಲಲ್ಲಿ ಒಬ್ಬ ನರ್ಸು ಫೋನು ಹಿಡಿದು ಯಾರದೋ ಕಾಲಿನ ಫೋಟೋ ತೆಗೆಯುತ್ತಿದ್ದಳು. ಫ್ಲ್ಯಾಶು ಹೊಳೆಯಿತು. ರೋಗಿಗೆ ಉಸಿರು ಬಿಡಿ ಎಂದು ಯಾರೂ ಹೇಳಲಿಲ್ಲ.

ದಾರಿಯುದ್ದಕ್ಕೂ ಅಳುತ್ತ ಬಂದೆ. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಅವನ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ.

‘ಅಣ್ಣ, ನಿನ್ನ ಬೆರಳು ತಪ್ಪಿಲ್ಲ. ಸದ್ದು ತೆಗೆದಿದ್ದು ನಾನು. ನೀನು ಸ್ನಾನಕ್ಕೆ ಹೋದಾಗ ತೆಗ್ದೆ. ಮೆನು ಅಲ್ಲೇ ಬಿಟ್ಟುಬಿಟ್ಟೆ. ನೀನು ಸರಿಯಾಗಿ ನಾಲ್ಕೇ ಒತ್ತಿದ್ದೀಯ, ಅದು ಫಾರ್ಮ್ಯಾಟಿಗೆ ಹೋಗಿದೆ. ಎಲ್ಲಾ ನನ್ನಿಂದ ಆಗಿದ್ದು.’

 ಅವನು ನಕ್ಕ. ಒಂಬತ್ತು ದಿನದಲ್ಲಿ ಮೊದಲ ಸಲ ನಕ್ಕದ್ದು.

‘ಪುಟ್ಟಿ, ನನ್ನ ಶರ್ಟು ಸುಟ್ಟು ಶರ್ಟಿನದೇ ತಪ್ಪು ಅಂದೋಳು ನೀನು. ಹುಟ್ಟಿದಾಗಿನಿಂದ ಒಂದು ತಪ್ಪು ಒಪ್ಕೊಂಡಿಲ್ಲ. ಈಗ ನನ್ಗೋಸ್ಕರ ಮಾಡದೇ ಇರೋದನ್ನ ಮೈಮೇಲೆ ಹಾಕ್ಕೊಳ್ತಿದ್ದೀಯಲ್ಲ.’

‘ಸುಳ್ಳಲ್ಲ ಕಣೋ, ದೇವರಾಣೆ. ನಾನೇ ಮಾಡಿದ್ದು.’

‘ಹೂಂ, ಹೂಂ.’ ತೊಡೆಯ ಕೆಳಗಿನಿಂದ ಒಂದು ಕೈ ತೆಗೆದು ಗಾಳಿಯಲ್ಲಿ ಹುಡುಕಿ ನನ್ನ ತಲೆ ಸವರಿದ. ‘ಸಮಾಧಾನಕ್ಕೆ ಹೇಳ್ತಿದ್ದೀಯ ಅಂತ ಗೊತ್ತು. ಇಷ್ಟು ಮಾಡಿದ್ಯಲ್ಲ, ಸಾಕು.’

ನನಗೆ ಸಿಟ್ಟು ಬಂತು. ನಂಬೋ ಎಂದು ಕೂಗಾಡಿದೆ, ಅವನ ಭುಜ ಹಿಡಿದು ಅಲ್ಲಾಡಿಸಿದೆ. ನಾನು ಕೂಗಿದಷ್ಟೂ ಅವನ ಮುಖ ಮೆತ್ತಗಾಗುತ್ತಾ ಹೋಯಿತು. ತಂಗಿಗೆ ತನ್ನ ಮೇಲೆ ಇಷ್ಟು ಪ್ರೀತಿ ಇದೆ ಎಂದುಕೊಂಡನೇ ಹೊರತು ಇನ್ನೇನೂ ಅವನ ತಲೆಗೆ ಹೋಗಲಿಲ್ಲ. 

‘ನಾಲ್ಕೇ ಒತ್ತಿದೆ ಅಂತ ನನ್ಗೂ ಅನ್ನಿಸಿತ್ತು,’ ಎಂದ. ‘ಅನ್ನಿಸೋದಕ್ಕೇನು ಬಿಡು. ಸ್ವಲ್ಪ ನೀರು ಕುಡಿಸ್ತೀಯಾ?’

ನೀರಿನ ಲೋಟ ಅವನ ಮೊಣಕೈ ಪಕ್ಕದ ಸ್ಟೂಲಿನ ಮೇಲೇ ಇತ್ತು. ಅಲ್ಲಿದೆ ಎಂದು ಅವನಿಗೂ ಗೊತ್ತಿತ್ತು. ಕೈಯನ್ನು ಮತ್ತೆ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಬಾಯಿ ತೆರೆದು ಕಾದ. ನಾನು ಲೋಟ ಎತ್ತಿ ಅವನಿಗೆ ನೀರು ಕುಡಿಸಿದೆ.