ಶರಾವತಿ ಯಾರ ಕಡೆ

ಹೊಸನಗರ ತಾಲ್ಲೂಕಿನ ಕಲ್ಲುಕೊಪ್ಪದಲ್ಲಿ ಮಗುವಿಗೆ ಹೆಸರಿಡುವ ಮೊದಲೇ ಅದರ ಪಾರ್ಟಿ ಯಾವುದೆಂದು ಗೊತ್ತಾಗಿರುತ್ತದೆ. ಸೊಸೈಟಿ ಚುನಾವಣೆಯಿಂದ ಹಿಡಿದು ರಸ್ತೆಗೆ ಮೋರಿ ಎಲ್ಲಿ ಹಾಕಬೇಕು ಎಂಬುದರವರೆಗೆ ಅಲ್ಲಿ ಎಲ್ಲದಕ್ಕೂ ಎರಡು ಕಡೆ. ಮೂರನೆಯದು ಇಲ್ಲ.

ಇಂಥ ಊರಿನ ಯಮುನಮ್ಮನ ಮಗಳು ಶರಾವತಿ, ಯಾವ ಕಡೆಗೂ ಸೇರದ ಕೆಲಸವನ್ನೇ ಹುಡುಕಿಕೊಂಡಳು. ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಆಟದ ಮೇಡಂ. ರಜೆಯಲ್ಲಿ ಫುಟ್‌ಬಾಲ್ ರೆಫರಿ. ಸಾಗರದ ಮೈದಾನದಲ್ಲಿ ಹುಡುಗರಿಂದ ಬೈಸಿಕೊಂಡಳು, ಶಿವಮೊಗ್ಗದಲ್ಲಿ ದೊಡ್ಡವರಿಂದ, ಬೆಂಗಳೂರಿನಲ್ಲಿ ಇಂಗ್ಲಿಷ್ ಬಲ್ಲವರಿಂದ. ಹೀಗೆ ಹನ್ನೊಂದು ವರ್ಷ ಬೈಗುಳದಲ್ಲಿ ಬಡ್ತಿ ಪಡೆದು, ಮೂವತ್ತನಾಲ್ಕನೆಯ ವಯಸ್ಸಿಗೆ ಏಷ್ಯಾದ ದೇಶಗಳ ಮಹಿಳಾ ಪಂದ್ಯಾವಳಿಗೆ ಸಹಾಯಕ ರೆಫರಿಯಾಗಿ ಹೋದಳು. ಬಾವುಟ ಹಿಡಿದು, ಮೈದಾನದ ಒಂದೇ ಅರ್ಧದಲ್ಲಿ, ಗೆರೆಯ ಪಕ್ಕ ಓಡುವುದು ಅವಳ ಕೆಲಸ. ಸದ್ಯಕ್ಕೆ ಒಂದೇ ಪಂದ್ಯ ಕೊಟ್ಟಿದ್ದರು. ಅದರಲ್ಲಿ ಬಾವುಟ ತಪ್ಪಿದರೆ ಊರಿಗೆ ವಾಪಸು; ಮತ್ತೆ ಯಾರೂ ಕರೆಯುವುದಿಲ್ಲ. ಇದನ್ನು ಅವಳು ಅವ್ವನಿಗೆ ಮಾತ್ರ ಹೇಳಿದ್ದಳು.

ಪಂದ್ಯ ಅಲ್ಲಿ ಸಂಜೆ, ಇಲ್ಲಿ ಮಧ್ಯಾಹ್ನ. ಸೊಸೈಟಿ ಅಧ್ಯಕ್ಷ ನಾಗರಾಜಪ್ಪ ದೊಡ್ಡ ಮನಸ್ಸು ಮಾಡಿ, ಅಂದರೆ ಕ್ರಿಕೆಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಸಭಾಂಗಣದ ಟಿವಿ ಹಾಕಿಸಿದರು. ಊರಿಗೆ ಊರೇ ಬಂತು. ಭಾರತ ಆಡುತ್ತಿರಲಿಲ್ಲ. ನೀಲಿ ಅಂಗಿಯ ಒಂದು ದೇಶ, ಹಳದಿ ಅಂಗಿಯ ಇನ್ನೊಂದು. ಹೆಸರು ಯಾರಿಗೂ ಬೇಕಿರಲಿಲ್ಲ. ನಮ್ಮ ಹುಡುಗಿ ಯಾರ ಕಡೆ ಎಂಬುದಷ್ಟೇ ಬೇಕಿತ್ತು.

ಅವಳು ಯಾರ ಕಡೆಯೂ ಅಲ್ಲವೆಂದು ಯಮುನಮ್ಮ ಹಿಂದಿನ ಬೆಂಚಿನಿಂದ ಹೇಳಿದರು. ಹಾಗೆಲ್ಲ ಇರಲಿಕ್ಕೆ ಆಗುವುದಿಲ್ಲ ಎಂದು ಎರಡೂ ಪಾರ್ಟಿಯವರು ಬಹಳ ವರ್ಷಗಳ ಮೇಲೆ ಒಮ್ಮತಕ್ಕೆ ಬಂದರು. ನಾಗರಾಜಪ್ಪ ಟಿವಿಯನ್ನು ಹತ್ತಿರದಿಂದ ಪರಿಶೀಲಿಸಿ, ಶರಾವತಿ ಓಡಾಡುತ್ತಿರುವುದು ನೀಲಿಯವರ ಗೋಲಿನ ಬದಿಯಲ್ಲಿ, ಆದ್ದರಿಂದ ನೀಲಿ ನಮ್ಮದು ಎಂದು ತೀರ್ಮಾನ ಕೊಟ್ಟರು. ಮುಕ್ಕಾಲು ಗಂಟೆ ಕಲ್ಲುಕೊಪ್ಪ ನೀಲಿಗಾಗಿ ಗಂಟಲು ಹರಿದುಕೊಂಡಿತು.

ವಿರಾಮದ ನಂತರ ತಂಡಗಳು ಬದಿ ಬದಲಿಸಿದವು. ಶರಾವತಿ ಇದ್ದಲ್ಲೇ ಇದ್ದಳು. ಈಗ ಅವಳ ಬದಿಯ ಗೋಲು ಹಳದಿಯವರದು.

"ನೋಡಿದ್ರಾ, ಅರ್ಧಕ್ಕೇ ಪಾರ್ಟಿ ಬಿಟ್ಲು. ಏನ್ ಆಸೆ ತೋರ್ಸಿದ್ರೋ ಏನೋ," ಅಂದ ಕೆರಿಯಪ್ಪ. ಮೂರು ಚುನಾವಣೆಗಳಲ್ಲಿ ಮೂರು ಸಲ ಪಾರ್ಟಿ ಬಿಟ್ಟವನಾದ್ದರಿಂದ ಅವನ ಮಾತಿಗೆ ತೂಕವಿತ್ತು.

ಪಂದ್ಯ ಮುಗಿಯಲು ಐದು ನಿಮಿಷವಿರುವಾಗ ನೀಲಿಯ ಹುಡುಗಿಯೊಬ್ಬಳು ಚೆಂಡನ್ನು ಬಲೆಗೆ ಹೊಡೆದಳು. ಸಭಾಂಗಣ ಎದ್ದು ಕುಣಿಯಿತು. ಆಗ ಗೆರೆಯ ಪಕ್ಕದಲ್ಲಿ ಬಾವುಟ ಮೇಲೆದ್ದಿತು. ಆಫ್‌ಸೈಡ್. ಚೆಂಡು ತನ್ನ ಕಡೆ ಹೊರಡುವ ಮೊದಲೇ ಹುಡುಗಿ ಎದುರಾಳಿಗಳನ್ನು ದಾಟಿ ಮುಂದಿದ್ದಳು, ಗೋಲು ಸಲ್ಲದು. ನೀಲಿಯವರು ಶರಾವತಿಯನ್ನು ಮುತ್ತಿಕೊಂಡರು. ಮುಖ್ಯ ರೆಫರಿ ಕಿವಿಗೆ ಕೈಯಿಟ್ಟು ವಿಡಿಯೊ ತೀರ್ಪಿಗಾಗಿ ಕಾದಳು.

ಎರಡು ನಿಮಿಷ. ಶರಾವತಿಯ ಮುಖ ಟಿವಿಯ ತುಂಬ ಬಂತು. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಊರು ಅವಳನ್ನು ಬೈಯುತ್ತಿತ್ತು, ತನಗೆ ಗೊತ್ತಿದ್ದ ಎಲ್ಲ ಮಾತುಗಳಲ್ಲಿ. ಯಮುನಮ್ಮ ಸೆರಗಿನ ತುದಿ ಕಚ್ಚಿಕೊಂಡು ಆ ಮುಖದಲ್ಲಿ ಹೆದರಿಕೆಯನ್ನು ಹುಡುಕಿದರು. ಸಿಗಲಿಲ್ಲ. ಅದರಿಂದ ಅವರಿಗೇ ಇನ್ನಷ್ಟು ಹೆದರಿಕೆಯಾಯಿತು.

ಕೊನೆಗೆ ಟಿವಿಯಲ್ಲಿ ಗೆರೆ ಎಳೆದು ತೋರಿಸಿದರು. ನೀಲಿ ಹುಡುಗಿಯ ಮೊಣಕಾಲು ಒಂದು ಗೇಣು ಮುಂದಿತ್ತು. ಬಾವುಟ ಸರಿ.

ಸಭಾಂಗಣ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮರುದಿನ ಫೋನ್ ಬಂತು.

"ಅವ್ವಾ, ಸೆಮಿಫೈನಲ್ ಕೊಟ್ಟಿದಾರೆ."

ಯಮುನಮ್ಮ ಹರಸಲೆಂದೇ ಬಾಯಿ ತೆರೆದರು. ಹೊರಟಿದ್ದು ಬೇರೆಯೇ ಮಾತು.

"ಇಲ್ಲಿ ಊರವ್ರೆಲ್ಲ ನಿನ್ ಮೇಲೆ ಸಿಟ್ಟಾಗಿದಾರೆ ಕಣೇ. ನೀಲಿಯವ್ರಿಗೆ ಕೈ ಕೊಟ್ಟೆ ಅಂತೆ."

ಆ ತುದಿಯಲ್ಲಿ ಶರಾವತಿ ನಕ್ಕಳು, ಕೆಮ್ಮು ಬರುವಷ್ಟು. ಹತ್ತು ದಿನಗಳಿಂದ ಅವಳ ಜೊತೆ ಯಾರೂ ಕನ್ನಡದಲ್ಲಿ ಮಾತಾಡಿರಲಿಲ್ಲ.

ಸೆಮಿಫೈನಲ್ಲಿಗೂ ಟಿವಿ ಹಾಕುವುದೆಂದು ಸೊಸೈಟಿ ನಿರ್ಣಯಿಸಿತು. ಪಂದ್ಯದ ಹಿಂದಿನ ದಿನ ನಾಗರಾಜಪ್ಪ ಸ್ವತಃ ಯಮುನಮ್ಮನ ಅಂಗಳಕ್ಕೆ ಬಂದು, ಕೂರದೆ, ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಯಮುನಮ್ಮಾ, ಸೆಕೆಂಡ್ ಹಾಫಲ್ಲಿ ಯಾರ ಕಡೆ ಇರ್ತಾಳೆ ಅಂತ ಒಂದ್ ಮಾತು ಕೇಳಿಟ್ಕೊಳಿ. ಮೊದ್ಲಿಂದ್ಲೇ ಅವ್ರಿಗೇ ಕೂಗ್ತೀವಿ."