ಕಳ್ಳ ಕುಬಸಕ್ಕೆ ತೆಗೆದ ಅಳತೆ

ಜನವರಿಯ ಎರಡನೆಯ ಶುಕ್ರವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ದಾಂಡೇಲಿಯ ನಮ್ಮ ಮನೆಯ ಅಡುಗೆಕೋಣೆ. ಹಾಜರಿದ್ದವರು ಮೂವರು: ನಾನು, ಮುಂಡಗೋಡ ತಾಲೂಕಿನ ಪಾಳಾದಿಂದ ಸೋಮವಾರವೇ ಬಂದಿದ್ದ ನನ್ನ ತಂಗಿ, ಬೆಳಗಿನ ನಮಾಜು ಮುಗಿಸಿ ಹಿತ್ತಲ ಬಾಗಿಲಿನಿಂದ ಒಳಬಂದ ಬಾಜೂ ಮನೆಯ ಆಪಾ. ಸೊಸೆ ತನ್ನ ಕೋಣೆಯಲ್ಲಿ ಮಲಗಿದ್ದಳು; ಅಂದು ಬೇಕೆಂದೇ ಅವಳನ್ನು ಎಬ್ಬಿಸಿರಲಿಲ್ಲ. ಅವಳು ಏಳುವುದರೊಳಗೆ ಬಟ್ಟೆ ಕತ್ತರಿಸಿ ಮುಗಿಯಬೇಕಿತ್ತು.

ದಿನ, ಗಂಟೆ, ಹಾಜರಿ ಬರೆಯದೆ ನನಗೆ ಯಾವುದನ್ನೂ ಶುರುಮಾಡಲು ಬರುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದಷ್ಟು ವರ್ಷ, ಪಾಳಿ ಬದಲಾಗುವಾಗ ಹೀಗೆಯೇ ವರದಿ ಬರೆದಿಟ್ಟು ಮನೆಗೆ ಬರುತ್ತಿದ್ದೆ. ನಿವೃತ್ತಿಯಾದ ಮೇಲೂ ಒಂದು ನೋಟುಬುಕ್ಕು ಇಟ್ಟಿದ್ದೇನೆ. ಹಾಲಿನವನು ತಡವಾಗಿ ಬಂದರೂ ಅದರಲ್ಲಿ ದಾಖಲಾಗುತ್ತದೆ.

ಅಂದಿನ ಕೆಲಸ ಕಳ್ಳ ಕುಬಸದ್ದು. ನಮ್ಮ ಕಡೆ ಬಸುರಿ ಹೆಣ್ಣಿಗೆ ಏಳನೆಯ ತಿಂಗಳಲ್ಲಿ ಓಣಿಯವರನ್ನೆಲ್ಲ ಕರೆದು, ಹಸಿರು ಸೀರೆ ಉಡಿಸಿ, ಹಸಿರು ಕುಬಸ, ಅಂದರೆ ರವಿಕೆ, ತೊಡಿಸಿ ಆರತಿ ಮಾಡುತ್ತಾರೆ. ಅದಕ್ಕೂ ಮೊದಲು, ಐದನೆಯ ತಿಂಗಳಲ್ಲಿ, ನಾಲ್ಕೈದು ಹೆಂಗಸರಷ್ಟೇ ಸೇರಿ ಗುಟ್ಟಾಗಿ ಒಂದು ಕುಬಸ ತೊಡಿಸುವುದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ಮಾಡಬೇಕಾದವರು ತವರಿನವರು. ಸೊಸೆಯ ತವರು ಜೋಯಿಡಾದ ಆಚೆ, ಅಣಶಿಯಲ್ಲಿ. ಅವರದು ಕೊಂಕಣಿ ಮಾತು, ಈ ಪದ್ಧತಿಯ ಹೆಸರನ್ನೂ ಅವರು ಕೇಳಿಲ್ಲ. ಹಾಗಾಗಿ ನಾವೇ ಮಾಡುವುದೆಂದು ತಂಗಿ ತೀರ್ಮಾನಿಸಿದಳು. ನಮ್ಮ ಮನೆತನದಲ್ಲಿ ಮಣೆಯ ಮೇಲೆ ಕೂರಿಸುವ ತನಕ ಬಸುರಿಗೆ ಸುಳಿವೇ ಹತ್ತಬಾರದು.

"ಆಕೀಗೆ ಗೊತ್ತಾದ್ರ ಅದೆಂಥಾ ಕಳ್ಳ ಕುಬಸ ಅಕ್ಕಾ? ನಮ್ಮವ್ವ ನನಗ ಮಾಡಿದಾಗ ನಾ ಹಿಟ್ಟಿನ ಕೈಲೇ ಮಣಿ ಮ್ಯಾಲ ಕುಂತಿದ್ದೆ."

ಕುಬಸವನ್ನು ನಾನೇ ಹೊಲಿಯುತ್ತೇನೆ ಎಂದು ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ತಂಗಿ ಎರಡು ದಿನ ನಕ್ಕಳು. ನಾನು ಹೊಲಿಗೆ ಕಲಿತದ್ದು ನರ್ಸಿಂಗ್ ಹಾಸ್ಟೆಲಿನಲ್ಲಿ. ಹರಿದ ಚಾದರ, ದಿಂಬಿನ ಚೀಲ, ರೋಗಿಗಳ ಗೌನು ಹೊಲಿದ ಕೈ ನನ್ನದು. ಮಗನ ಶಾಲೆಯ ಚಡ್ಡಿಗಳನ್ನೂ ಹೊಲಿದಿದ್ದೇನೆ. ಅವು ಹರಿಯಲಿಲ್ಲ, ಅವನೇ ದೊಡ್ಡವನಾದ.

"ನಿನ್ನ ಹೊಲಿಗಿ ಬಿಚ್ಚಬೇಕಂದ್ರ ಡಾಕ್ಟ್ರನ್ನ ಕರೀಬೇಕು" ಎಂದಳು ತಂಗಿ.

ಆದರೂ ನಾನೇ ಹೊಲಿಯಬೇಕೆಂದು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಸೊಸೆ ಬಂದು ಎರಡು ವರ್ಷವಾದರೂ ನಮ್ಮಿಬ್ಬರ ಮಾತುಕತೆ ವಾರ್ಡಿನ ಮಟ್ಟ ದಾಟಿರಲಿಲ್ಲ. ಊಟವಾಯಿತೇ, ಆಯಿತು. ಗುಳಿಗೆ ತೆಗೆದುಕೊಂಡೆಯಾ, ತೆಗೆದುಕೊಂಡೆ. ಅವಳು ನನ್ನೆದುರು ನಿಲ್ಲುವಾಗ ಉಗುರು ತಪಾಸಣೆಗೆ ಬಂದ ಹೊಸ ಹುಡುಗಿಯ ಹಾಗೆ ನಿಲ್ಲುತ್ತಿದ್ದಳು. ಬಾಯಿಂದ ಹೇಳಲು ಬಾರದ್ದನ್ನು ಹಸಿರು ಖಣದಲ್ಲಿ ಹೊಲಿದು ಕೊಡೋಣವೆಂದುಕೊಂಡೆ. ಹಳಿಯಾಳದ ಪೇಟೆಗೆ ಹೋಗಿ ಒಳ್ಳೆಯ ಖಣ ಆರಿಸಿ ತಂದೆ. ತೋಳಿಗೆ ಕ್ರೋಶಾ ಲೇಸು ಹೆಣೆದುಕೊಡಲು ಆಪಾ ಒಪ್ಪಿದಳು. ಅವಳ ಗಂಡ ಲಾರಿ ಗೇರ್‌ಬಾಕ್ಸ್ ರಿಪೇರಿಯವನು. ಅವನ ಗ್ಯಾರೇಜಿನ ರೇಡಿಯೋಕ್ಕೂ ಇವಳ ಲೇಸಿನ ಹೊದಿಕೆ ಇದೆ.

ತೊಡಕು ಇದ್ದದ್ದು ಅಳತೆಯಲ್ಲಿ. ಸೊಸೆಯ ಕಪಾಟಿನಿಂದ ಅಳತೆಗೆಂದು ಒಂದು ರವಿಕೆ ತಂದದ್ದನ್ನು ಆಪಾ ಎತ್ತಿ ನೋಡಿ ವಾಪಸು ಕೊಟ್ಟಳು.

"ಸಿಸ್ಟರ್ ಬಾಯಿ, ಇದು ಶಾದಿ ಟೈಮಿಂದು. ಈಗ ಐದು ತಿಂಗಳಾತು. ಇದರಾಗ ಆಕೀ ಅರ್ಧಾನೂ ಹಿಡ್ಯಾಂಗಿಲ್ಲ."

ಟೇಪು ಹಿಡಿದರೆ ಗುಟ್ಟು ಹೋಗುತ್ತದೆ. ನಾನು ವಿಚಾರ ಮಾಡಿ ಒಂದು ಯೋಜನೆ ಹಾಕಿದೆ. ಮಂಗಳವಾರ ಬೆಳಿಗ್ಗೆ ಬಿ.ಪಿ. ನೋಡುವ ನೆಪದಲ್ಲಿ ಪಟ್ಟಿಯನ್ನು ಸೊಸೆಯ ಬಲತೋಳಿಗೆ ಸುತ್ತಿ, ಅದು ಎಲ್ಲಿಗೆ ಬಂದು ಕೂಡಿತೋ ಅಲ್ಲಿ ಉಗುರಿನಿಂದ ಗುರುತು ಮಾಡಿಕೊಂಡೆ. ಎಡತೋಳಿಗೂ ಹಾಗೆಯೇ. ಬುಧವಾರ ಖಾತ್ರಿಗೆಂದು ಎರಡೂ ತೋಳಿಗೆ ಮತ್ತೊಮ್ಮೆ. ತೋಳಿನ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಉಳಿದದ್ದು ಎದೆಯ ಸುತ್ತಳತೆ. ಅದಕ್ಕೆ ಯಾವ ವೈದ್ಯಕೀಯ ಉಪಕರಣವೂ ಇಲ್ಲ.

"ತಬ್ಬಿಕೊಂಡ್ ನೋಡಕ್ಕಾ" ಎಂದಳು ತಂಗಿ. "ಕೈ ಎಷ್ಟು ಅಗಲ ಆಗ್ತಾವೋ ಹಂಗ ಹಿಡ್ಕೊಂಡ ಬಾ. ನಾ ಟೇಪ್ ಹಾಕ್ತೇನಿ."

ನಾನು ಕೆಲಸದಲ್ಲಿದ್ದಾಗಲಾಗಲಿ ಮನೆಯಲ್ಲಾಗಲಿ ಯಾರನ್ನೂ ಹಾಗೆ ತಬ್ಬಿಕೊಂಡವಳಲ್ಲ. ಸ್ವಂತ ಮಗನನ್ನೂ ಎತ್ತಿಕೊಂಡದ್ದು ಹೌದು, ಸ್ನಾನ ಮಾಡಿಸಿದ್ದು ಹೌದು. ಆದರೆ ಕೆಲಸವೆಂದರೆ ಕೆಲಸ. ಗುರುವಾರ ಬೆಳಿಗ್ಗೆ ಏಳು ಹತ್ತಕ್ಕೆ ಸೊಸೆ ಚಹಾ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಅವಳ ಮುಂದೆ ಹೋಗಿ ನಿಂತೆ.

"ಕೈ ಮೇಲೆ ಎತ್ತು" ಎಂದೆ.

ಎಕ್ಸ್-ರೇಗೆ ನಿಲ್ಲುವಂತೆ ಎತ್ತಿದಳು. ತಬ್ಬಿಕೊಂಡೆ. ಬಲಗೈ ಎಡ ಮೊಣಕೈ ಹತ್ತಿರ ಎಲ್ಲಿ ತಾಗಿತೋ ಅಲ್ಲಿಯೇ ಬಿಗಿಯಾಗಿ ಹಿಡಿದುಕೊಂಡೆ. ಇನ್ನು ಕೈ ಬಿಟ್ಟರೆ ಅಳತೆ ಹೋಯಿತು.

"ಈಗ ಕೆಳಗೆ ನುಸುಳಿ ಹೊರಗೆ ಬಾ" ಎಂದೆ.

ಪಾಪ, ನುಸುಳಿ ಬಂದಳು. ನಾನು ಕಾಣದ ಕೊಡವೊಂದನ್ನು ಅಪ್ಪಿಕೊಂಡವಳ ಹಾಗೆ ಕೈಗಳನ್ನು ಬಳೆಯಾಕಾರದಲ್ಲೇ ಹಿಡಿದು ಅಡುಗೆಕೋಣೆಗೆ ನಡೆದೆ. ತಂಗಿ ಒಳಸುತ್ತಿಗೆ ಟೇಪು ಹಾಕಿ ಓದಿದಳು: ನಲವತ್ತೆರಡು ಇಂಚು. ನಂಬಿಕೆ ಬರಲಿಲ್ಲ. ಮಧ್ಯಾಹ್ನ ಇನ್ನೊಮ್ಮೆ ತಬ್ಬಿಕೊಂಡೆ. ಮತ್ತೆ ನಲವತ್ತೆರಡು. ಎರಡು ಸಲ ಒಂದೇ ಬಂದರೆ ವಾರ್ಡಿನಲ್ಲಿ ಅದನ್ನು ಒಪ್ಪಿಕೊಳ್ಳುತ್ತೇವೆ. ನೋಟುಬುಕ್ಕಿನಲ್ಲಿ ಬರೆದೆ.

ಇದೆಲ್ಲವನ್ನೂ ಸೊಸೆ ಹೇಗೆ ತೆಗೆದುಕೊಂಡಳು ಎಂಬುದು ನನಗೆ ತಿಳಿದದ್ದು ಆಮೇಲೆ. ಹಿಂದಿನ ವಾರವಷ್ಟೇ ಐದನೆಯ ತಿಂಗಳ ಸ್ಕ್ಯಾನಿಂಗ್ ಆಗಿತ್ತು. ಎಲ್ಲ ಸರಿಯಿದೆ ಎಂದು ಡಾಕ್ಟರು ಅವಳಿಗೆ ಹೇಳಿ, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಎರಡು ನಿಮಿಷ ಮೆಲ್ಲಗೆ ಮಾತಾಡಿದ್ದರು. ಈಗ ಸಿಸ್ಟರ್ ಆಗಿದ್ದ ಅತ್ತೆ ದಿನಾ ಎರಡೂ ತೋಳಿಗೆ ಬಿ.ಪಿ. ನೋಡುತ್ತಾಳೆ. ಎರಡು ವರ್ಷ ಮುಟ್ಟದವಳು ಒಂದೇ ದಿನ ಎರಡು ಸಲ ತಬ್ಬಿಕೊಳ್ಳುತ್ತಾಳೆ. ಕೂಸಿಗೆ ಏನೋ ಆಗಿದೆ, ತನಗೆ ಮುಚ್ಚಿಟ್ಟಿದ್ದಾರೆ ಎಂದು ಹುಡುಗಿ ಗುರುವಾರ ಪೂರ್ತಿ ಅತ್ತಿದ್ದಳು. ಕುಳಗಿಯ ಅರಣ್ಯ ಕ್ಯಾಂಪಿನಲ್ಲಿ ಡ್ಯೂಟಿಯ ಮೇಲಿದ್ದ ನನ್ನ ಮಗನಿಗೆ ಫೋನು ಮಾಡಿ, ನಿಮ್ಮ ಅವ್ವ ನನ್ನನ್ನು ತಬ್ಬಿಕೊಂಡರು ಎಂದಿದ್ದಳು.

"ಯಾರವ್ವ?" ಎಂದನಂತೆ ಅವನು.

ಶುಕ್ರವಾರಕ್ಕೆ ಬರುತ್ತೇನೆ. ಅಡುಗೆಕಟ್ಟೆಯ ಮೇಲೆ ಖಣ ಹಾಸಿ ನಲವತ್ತೆರಡರ ಲೆಕ್ಕದಲ್ಲಿ ಗುರುತು ಹಾಕಿದಾಗ, ಆ ಕಿರಿದಾದ ಬಟ್ಟೆಯಲ್ಲಿ ಒಂದು ಚೂರೂ ಉಳಿಯಲಿಲ್ಲ.

"ಇಷ್ಟ ಅಗಲ ಯಾರಿಗೆ?" ಎಂದು ಆಪಾ ಹುಬ್ಬೇರಿಸಿದಳು.

"ಎರಡು ಸಲ ಅಳೆದಿದ್ದೇನೆ" ಎಂದು ಕತ್ತರಿ ಹಾಕಿದೆ.

ಮಿಷನ್ನಿನ ಸದ್ದು ಕೇಳಬಾರದೆಂದು ತುಂಡುಗಳನ್ನು ಆಪಾಳ ಮನೆಗೆ ಸಾಗಿಸಿ ಅಲ್ಲಿಯೇ ಹೊಲಿದೆವು. ಒಂಬತ್ತು ಗಂಟೆಗೆ ತೋಳು ಕೂಡಿಸಿ, ಲೇಸು ಹಚ್ಚಿ, ಕುಬಸ ಒಂದು ಆಕಾರಕ್ಕೆ ಬಂದಿತ್ತು. ಒಂಬತ್ತು ಇಪ್ಪತ್ತಕ್ಕೆ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಸ್ಕ್ಯಾನಿಂಗ್ ಫೈಲು. ಕಣ್ಣುಗಳು ಬಾತಿದ್ದವು. ತಂಗಿ ಗಡಬಡಿಸಿ ಕುಬಸದ ಮೇಲೆ ಕೂತುಬಿಟ್ಟಳು.

"ಅತ್ತೀ, ನಾ ಧಾರವಾಡಕ್ಕ ಹೋಗಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸ್ಕೊಂಡ ಬರ್ತೇನಿ."

"ಯಾಕೆ?"

"ಕೂಸಿಗೆ ಏನಾಗೇತಿ ಅಂತ ನೀವಂತೂ ಹೇಳೂದಿಲ್ಲ." ಅಷ್ಟು ಹೇಳಿ ಅಳತೊಡಗಿದಳು. "ಎರಡೂ ಕೈಗೆ ಬಿ.ಪಿ. ನೋಡ್ತೀರಿ. ಡಾಕ್ಟ್ರು ನಿಮ್ಮನ್ನ ಬಾಜೂಕ ಕರದು ಏನೋ ಹೇಳಿದ್ರು. ನಿನ್ನೆ ನೀವು... ನೀವು ಯಾರನ್ನೂ ತಬ್ಬಿಕೊಳ್ಳೂದಿಲ್ಲರೀ ಅತ್ತೀ. ನನಗ ಗೊತ್ತೈತಿ. ಏನಾಗೇತಿ ಹೇಳ್ರಿ."

ತಂಗಿ ಕೂತಲ್ಲಿಂದಲೇ ನನಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ನೋಡಿದರೂ ನೋಡದಂತೆ ಇದ್ದೆ. ಬಸುರಿಯನ್ನು ಹೆದರಿಸಿಟ್ಟು ಸಂಜೆ ಐದಕ್ಕೆ ಮಣೆ ಹಾಕುವ ತನಕ ಕಾಯುವ ಪದ್ಧತಿ ಯಾವ ಮನೆತನದ್ದಾದರೂ ನನಗೆ ಬೇಕಿಲ್ಲ.

"ಕೂಸಿಗೆ ಏನೂ ಆಗಿಲ್ಲ. ಕುಬಸಕ್ಕೆ ಅಳತೆ ತೆಗೆದೆ" ಎಂದೆ.

"ಅಕ್ಕಾ! ಎಲ್ಲಾ ಕೆಡಿಸಿದಿ!" ತಂಗಿ ಹಣೆ ಹಣೆ ಬಡಿದುಕೊಂಡಳು.

"ನೀನು ಏಳು ಮೊದಲು."

ಅವಳ ಕೆಳಗಿನಿಂದ ಕುಬಸ ಎಳೆದು ಸೊಸೆಯ ಮುಂದೆ ಹಿಡಿದೆ. ಇದೇ ಸಾಕ್ಷಿ ಎಂದು ನನ್ನ ಭಾವನೆ. ಅವಳು ಕಣ್ಣೊರೆಸಿಕೊಂಡು ಅದನ್ನು ಮೈಗೆ ಹಿಡಿದು ನೋಡಿದಳು. ಎರಡೂ ಪಕ್ಕಕ್ಕೆ ಜೋತುಬಿತ್ತು.

"ಇದು ನನ್ನದಲ್ಲ. ಸಮಾಧಾನಕ್ಕ ಯಾರದೋ ತೋರಿಸ್ತೀರಿ" ಎಂದು ಮತ್ತೂ ಜೋರಾಗಿ ಅತ್ತಳು.

ಆಗ ಅವಳ ಮೈಮೇಲಿದ್ದುದು ನನ್ನ ಕಣ್ಣಿಗೆ ಬಿತ್ತು. ತಂಗಿ ಸೋಮವಾರ ತಂದುಕೊಟ್ಟ ತೋಳಿಲ್ಲದ ಸ್ವೆಟರು. ಮುಂಡಗೋಡದಲ್ಲಿ ಉಣ್ಣೆ ಕೊಂಡು, ಎರಡೆಳೆ ಕೂಡಿಸಿ, ಕ್ರೋಶಾ ಕೊಕ್ಕೆಯಲ್ಲಿ ಅವಳೇ ಹೆಣೆದದ್ದು. ಕಂಬಳಿಯಷ್ಟು ದಪ್ಪ. ಚಿಕ್ಕತ್ತೆಗೆ ಬೇಸರವಾಗಬಾರದೆಂದು ಹುಡುಗಿ ನಾಲ್ಕು ದಿನದಿಂದ ಅದನ್ನು ಕಳಚಿರಲಿಲ್ಲ. ನಾನು ಎರಡು ಸಲವೂ ಅಳೆದದ್ದು ಸ್ವೆಟರನ್ನು.

"ಯಾ ಅಲ್ಲಾ" ಎಂದು ಆಪಾ ಮಿಷನ್ನಿನ ಮೇಲೆ ತಲೆಯಿಟ್ಟು ನಗತೊಡಗಿದಳು. "ಬೇಟಿ, ನಿನ್ನ ಸ್ವೆಟರಿಗೆ ಕುಬಸ ಹೊಲದಾರ ನಿಮ್ಮತ್ತಿ!"

ಸೊಸೆಗೆ ನಗು ಬರಲಿಲ್ಲ. ನಾನು ಮನೆಗೆ ಹೋಗಿ ನೋಟುಬುಕ್ಕು ತಂದು ಅವಳ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು.

"ಮಂಗಳವಾರ, ಬಲತೋಳು, ಬಿ.ಪಿ. ಪಟ್ಟಿ, ಹನ್ನೊಂದು ಇಂಚು. ಎಡತೋಳು, ಅಷ್ಟೇ. ಬುಧವಾರ, ಎರಡೂ ತೋಳು, ಅದೇ. ಗುರುವಾರ, ಏಳು ಹತ್ತು, ಅಪ್ಪುಗೆ ಒಂದು, ನಲವತ್ತೆರಡು. ಒಂದೂವರೆ, ಅಪ್ಪುಗೆ ಎರಡು, ನಲವತ್ತೆರಡು. ಷರಾ: ಅಪ್ಪುಗೆ ಎರಡು ಖಾತ್ರಿಗಾಗಿ. ರೋಗಿ ಸಹಕರಿಸಿದಳು."

ಕೊನೆಯ ಸಾಲಿಗೆ ಬಂದಾಗ ಅವಳ ದನಿ ನಡುಗಿತು. ಅಳು ಎಂದುಕೊಂಡೆ. ನಗುತ್ತಿದ್ದಳು. ಮೂಗು ಸೋರುತ್ತಿದ್ದರೂ ಬಿಡದೆ ನಕ್ಕಳು. ತಂಗಿಯೂ ಸೇರಿದಳು.

"ಡಾಕ್ಟ್ರು ಬಾಜೂಕ ಕರದಿದ್ದು?" ಎಂದು ನಗುವಿನ ನಡುವೆಯೇ ಕೇಳಿದಳು. ಅದನ್ನವಳು ಮರೆತಿರಲಿಲ್ಲ.

"ಅವರಿಗೆ ಸೊಂಟನೋವು. ಹಿಂದೆ ವಾರ್ಡಿನಲ್ಲಿ ನಾನು ಹಚ್ಚುತ್ತಿದ್ದ ಎಣ್ಣೆ ಯಾವುದು ಎಂದು ಕೇಳಿದರು. ಬೇರೆ ರೋಗಿಗಳ ಮುಂದೆ ಕೇಳಲು ನಾಚಿಕೆ."

ನಕ್ಕರೂ ಹೆದರಿಕೆ ಪೂರ್ತಿ ಹೋಗಿರಲಿಲ್ಲ, ಅದು ನನಗೆ ಗೊತ್ತು. ಅವಳನ್ನು ಆಪಾಳ ಮಂಚದ ಮೇಲೆ ಕೂರಿಸಿ ಫೈಲು ಬಿಡಿಸಿದೆ. ಒಂದೊಂದು ಸಾಲಿಗೂ ಬೆರಳಿಟ್ಟು, ಇದು ಹೃದಯ, ಇದು ಬೆನ್ನುಹುರಿ, ಇದು ಕಾಲಿನ ಮೂಳೆಯ ಉದ್ದ, ಇದು ನೀರು, ಎಲ್ಲದರ ಮುಂದೆ ಏನು ಬರೆದಿದೆ, ಅದರ ಅರ್ಥವೇನು ಎಂದು ಹೇಳಿದೆ. ಅವಳು ಎರಡು ಸಾಲುಗಳನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಹದಿನೈದು ನಿಮಿಷ ಹಿಡಿಯಿತು. ಹಿಂದಿನ ವಾರವೇ ನಾನು ಮಾಡಬೇಕಿದ್ದ ಕೆಲಸ. ಅದನ್ನು ನೋಟುಬುಕ್ಕಿನಲ್ಲಿ ಬರೆದೆ, ಕಾರಣದ ಜಾಗ ಖಾಲಿ ಬಿಟ್ಟೆ.

ಅವಳು ಚೀಲ ಕೆಳಗಿಟ್ಟಳು. ಸ್ವೆಟರು ಕಳಚಿಸಿ, ಸೆರಗಿನೊಳಗೆ ಟೇಪು ಹಾಕಿ, ರಾಜಾರೋಷವಾಗಿ ಅಳೆದೆ: ಮೂವತ್ತಾರು.

ನನ್ನ ಹೊಲಿಗೆ ಬಿಚ್ಚಲು ಮೂವರು ಹೆಂಗಸರಿಗೆ ಒಂದು ಗಂಟೆ ಹಿಡಿಯಿತು. ತಂಗಿ ಆಡಿದ ಮಾತು ಸುಳ್ಳಾಗಲಿಲ್ಲ. ಡಾಕ್ಟರನ್ನು ಮಾತ್ರ ಕರೆಯಲಿಲ್ಲ. ಪಕ್ಕಗಳನ್ನು ಒಳಗೆ ಮಡಚಿ, ಮುಂದಿನ ತಿಂಗಳುಗಳಿಗೆ ಬಿಡಿಸಿಕೊಳ್ಳುವಂತೆ ಇಟ್ಟು, ಸಂಜೆಯ ಅಡುಗೆಯೂ ಬಾಕಿಯಿದ್ದುದರಿಂದ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲೇ ಕುಬಸ ಸಿದ್ಧ ಮಾಡಿದೆವು. ತೋಳಿಗೆ ಕೈ ಹಾಕಬೇಕಾಗಲಿಲ್ಲ.

"ಬಿ.ಪಿ. ಮಷೀನ್ ಟೇಲರನ್ನ ಮೀರಸ್ತೈತಿ" ಎಂದಳು ಆಪಾ.

ತಂಗಿ ಒಂದು ಷರತ್ತು ಹಾಕಿದಳು. "ನೋಡವಾ, ಸಂಜೀಕ ಓಣಿಯಿಂದ ಇಬ್ಬರು ಬರ್ತಾರ. ನಿನಗ ಏನೂ ಗೊತ್ತಿಲ್ಲ. ತಿಳೀತಿಲ್ಲೊ? ಮಣಿ ಮ್ಯಾಲ ಕುಂಡ್ರಿಸಿದಾಗ ಗಾಬರಿ ಆಗಬೇಕು."

ಸಂಜೆ ಐದಕ್ಕೆ ಹೆಂಗಸರು ಬಂದರು. ಸೊಸೆ ಮಣೆಯ ಮೇಲೆ ಕೂತದ್ದೇ ತಡ, ಕುಬಸದ ತಟ್ಟೆ ಇನ್ನೂ ದೇವರ ಕೋಣೆಯಲ್ಲಿರುವಾಗಲೇ, "ಅಯ್ಯಯ್ಯ, ಕುಬಸ! ನನಗ ಗೊತ್ತ ಇರಲಿಲ್ಲ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಂದವರು ಅತ್ತಿತ್ತ ನೋಡಿದರು. ಆಪಾ ಕೆಮ್ಮುತ್ತ ಹೊರಗೆ ಹೋದಳು. ತಂಗಿ ಓಡಿಹೋಗಿ ತಟ್ಟೆ ತಂದಳು. ಕುಬಸ ಮೈಗೆ ಸರಿಯಾಗಿ ಕೂತಿತು. ಆರತಿಯಾಯಿತು, ಉಪ್ಪಿಟ್ಟು, ಗೋಧಿಯ ಸಿಹಿ ಮಾದಲಿ, ಚಹಾ ಆಯಿತು. ಏಳು ಗಂಟೆಗೆ ಎಲ್ಲರೂ ಹೋದರು.

ಏಳೂವರೆಗೆ ಸೊಸೆ ಕುಬಸ ಬದಲಿಸಿ, ಮಡಚಿ ತಂದು ನನ್ನ ಮುಂದೆ ಇಟ್ಟಳು. ಕಚ್ಚಾ ಹೊಲಿಗೆಯ ಮೇಲೆ ಗಟ್ಟಿ ಹೊಲಿಗೆ ಹಾಕಿ, ಬಿಳಿ ದಾರ ಎಳೆದು ತೆಗೆಯುವುದು ಬಾಕಿಯಿತ್ತು. ನಾನು ಮಂಚದ ಮೇಲೆ ಕೂತು ಕೈಯಿಂದಲೇ ಶುರುಮಾಡಿದೆ. ಅವಳು ಹೋಗುವಳೆಂದುಕೊಂಡೆ. ಹೋಗಲಿಲ್ಲ. ಕೆಳಗೆ ಗೋಡೆಗೊರಗಿ ಕೂತು ಕೇಳಿದಳು.

"ಅತ್ತೀ, ಕೂಸು ಒಳಗ ಒದ್ದಂಗ ಆಗ್ತೈತಿ, ಆಮ್ಯಾಲ ಅರ್ಧಾ ದಿನ ಸುಮ್ಮನ ಇರ್ತೈತಿ. ಹಂಗ ಆಗ್ತೈತೇನ್ರಿ?"

ಈ ತಿಂಗಳಲ್ಲಿ ಹಾಗೆ ಆಗುತ್ತದೆ ಎಂದೆ. ಆಮೇಲೆ ಇನ್ನೊಂದು ಕೇಳಿದಳು. ಅಣಶಿ ಘಾಟಿನ ರಸ್ತೆಯಲ್ಲಿ ಬಸ್ಸಿನಲ್ಲಿ ತವರಿಗೆ ಹೋಗಬಹುದೇ. ಬೆಳಗಿನ ಹೊತ್ತು ಚಹಾ ಬೇಡವೆನಿಸಿದರೆ ಬಿಡಬಹುದೇ. ನಾನು ಐದೂವರೆಗೆ ಎಬ್ಬಿಸುವುದನ್ನು ಆರೂವರೆಗೆ ಮಾಡಬಹುದೇ. ಮೂರನೆಯ ತಿಂಗಳಿಂದ ಕೂಡಿಟ್ಟ ಪ್ರಶ್ನೆಗಳು, ಒಂದರ ಹಿಂದೆ ಒಂದು ಬಂದವು. ಪ್ರತಿಯೊಂದಕ್ಕೂ ಸೂಜಿ ನಿಲ್ಲಿಸಿ ಉತ್ತರ ಹೇಳಿದೆ. ಹಾಗಾಗಿ ಅರ್ಧ ಗಂಟೆಯ ಕೆಲಸ ಒಂದು ಗಂಟೆಯಾಯಿತು. ಆರೂವರೆಗೆ ಒಪ್ಪಿದೆ.

ಎಂಟೂವರೆಗೆ ಕೊನೆಯ ಬಿಳಿ ದಾರ ಎಳೆದು ತೆಗೆದೆ.